ಜೊತೆಯಲ್ಲಿದ್ದಾರೆಂದು ನೆನಸಿದೆವು

(ಧ್ಯಾನದ ಭಾಗ: ಲೂಕನು ಬರೆದ ಸುವಾರ್ತೆ 2ನೆಯ ಅಧ್ಯಾಯ, 41ರಿಂದ 52ರ ವರೆಗಿನ ವಚನಗಳು)



ನಮ್ಮ ರಕ್ಷಕನ ಬಾಲ್ಯದ ವಿಷಯವಾಗಿ ಸುವಾರ್ತೆಗಳಲ್ಲಿ ಬರೆದಿರುವದು ಬಹು ಸ್ವಲ್ಪವೇ. ಯೋಸೇಫನೂ ಮರಿಯಳೂ ಐಗುಪ್ತದಿಂದ ತಿರಿಗಿ ಬಂದು ನಜರೇತಿನಲ್ಲಿ ನೆಲೆಯಾದ ದಿವಸ ಮೊದಲುಗೊಂಡು ಯೇಸು ಸ್ವಾಮಿಯು ದೀಕ್ಷಾಸ್ನಾನಕ್ಕಾಗಿ ಯೊರ್ದನಿಗೆ ಬಂದ ದಿವಸದ ವರೆಗೆ ಕಳೆದುಹೋದ ಅಷ್ಟು ವರುಷಗಳಲ್ಲಿ ನಡೆದ ಒಂದೇ ಒಂದು ಸಂಗತಿಯನ್ನು ಪವಿತ್ರಾತ್ಮನು ನಮಗೋಸ್ಕರ ಬರೆಯಿಸಿ ಇಟ್ಟಿದ್ದಾನೆ. ಅದು ಯಾವದು? ರೋಗಿಗಳನ್ನು ಸ್ವಸ್ಥಪಡಿಸಿದ್ದಲ್ಲ, ಸಮುದ್ರವನ್ನು ಶಾಂತಪಡಿಸಿದ್ದೂ ಅಲ್ಲ. ಒಂದು ಬಡ ಕುಟುಂಬವು ಹಳ್ಳಿಯಿಂದ ಪಟ್ಟಣಕ್ಕೆ ಹಬ್ಬಕ್ಕೆಂದು ಹೋಗಿ, ಜನಸಂದಣಿಯಲ್ಲಿ ಮಗನನ್ನು ಕಾಣದೆ, ಗಾಬರಿಪಟ್ಟು ಹುಡುಕಿ, ಕಡೆಗೆ ಕಂಡುಕೊಂಡು ಮನೆಗೆ ಬಂದ ಸಂಗತಿಯೇ. ಇಂಥ ಸಾಮಾನ್ಯವಾದ ಕಾರ್ಯವನ್ನು ದೇವರು ತನ್ನ ಪುಸ್ತಕದಲ್ಲಿ ಯಾಕೆ ಬರೆಯಿಸಿದನೆಂಬದು ನಮಗೆ ಬಹು ಕಾಲ ತಿಳಿದಿರಲಿಲ್ಲ. ನಮ್ಮ ಸ್ವಂತ ಕುಟುಂಬವು ಒಂದು ಸಾರಿ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋಗಿ ಬಂದ ಮೇಲೆ ಸ್ವಲ್ಪ ತಿಳಿಯಿತು. ನಮಗೆ ನಾಚಿಕೆಯನ್ನು ತರತಕ್ಕ ಸಂಗತಿಯಾದರೂ, ಓದುಗರಿಗೆ ಪ್ರಯೋಜನವಾದೀತೆಂದು ಅದನ್ನು ಇಲ್ಲಿ ಮರೆಮಾಡದೆ ಹೇಳುತ್ತೇವೆ.

ಈ ಪ್ರದರ್ಶನವು ನಮ್ಮ ನಾಡಿಗೆ ಹಳೆಯದು. 1880ರ ದಶಕದಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ನಾಡಿನ ಬೆಳೆಗಳನ್ನೂ ಕೈಗಾರಿಕೆಗಳನ್ನೂ ಹೊಸ ಸಾಧನಗಳನ್ನೂ ಪ್ರಜೆಗಳು ಕಂಡು ತಿಳಿದುಕೊಳ್ಳಲೆಂಬ ಉದ್ದೇಶದಿಂದ ಅದು ಆರಂಭವಾಯಿತು. ಈಗ ಅದು ಅರಮನೆಗೆ ಸಮೀಪವಾದ ದೊಡ್ಡಕೆರೆ ಮೈದಾನದಲ್ಲಿ ದಸರೆಯ ಕಾಲದಲ್ಲಿ ತೆರೆಯಲ್ಪಟ್ಟು ಹಬ್ಬವು ಮುಗಿದ ಮೇಲೆಯೂ ಬಹು ದಿವಸ ನಡೆಯುತ್ತದೆ. ಕ್ರೈಸ್ತರಾದ ನಾವು ಇಂಥ ಸ್ಥಳಕ್ಕೆ ಹೋಗಬಹುದೋ ಎಂದು ಕೆಲವರು ಕೇಳುವದುಂಟು. ಹಿಂದಿನ ಕಾಲದಲ್ಲಿ ನಮ್ಮ ಬೋಧಕರು ಜಾತ್ರೆಗಳಿಗೆ ಹೋಗಿ, ಮರದ ನೆರಳಿನಲ್ಲಿ ನಿಂತು ಸುವಾರ್ತೆಯನ್ನು ಸಾರಿ, ಚಿಕ್ಕ ಪುಸ್ತಕಗಳನ್ನು ಹಂಚಿದರು. ಅವರು ಜನಸಂದಣಿಗೆ ಹೆದರಿ ಮನೆಯಲ್ಲಿ ಕೂತುಕೊಳ್ಳಲಿಲ್ಲ. ಹೊಲದ ಬೆಳೆಯನ್ನೂ ಮನುಷ್ಯರ ಕೈಕೆಲಸವನ್ನೂ ಕಂಡು ಸಂತೋಷಪಡುವದು ಪಾಪವಲ್ಲ. ಮಕ್ಕಳಿಗೆ ವರುಷಕ್ಕೆ ಒಂದು ದಿವಸ ಸಂತೋಷವನ್ನು ಕೊಡುವದು ತಂದೆತಾಯಿಗಳ ಧರ್ಮವೇ ಆಗಿದೆ. ನಮ್ಮ ತಪ್ಪು ಹೋದದ್ದರಲ್ಲಿ ಇರಲಿಲ್ಲ. ಅದು ಬೇರೆ ಕಡೆಯಲ್ಲಿ ಇತ್ತು.

ನಾವು ಹೊರಟವರು ಆರು ಮಂದಿ: ನಾವು, ನಮ್ಮ ಪತ್ನಿ, 13 ವರುಷದ ಮಗಳು, 9 ವರುಷದ ಮಗ, 4 ವರುಷದ ಕಿರಿಯವನು, ಮತ್ತು ನಮ್ಮ ವೃದ್ಧ ತಾಯಿಯವರು. ತಾಯಿಯವರಿಗೆ ಕಿವಿ ಮಂದ. ಕಾಲಿನಲ್ಲಿಯೂ ಬಲ ಕಡಿಮೆ. ಆದರೂ ಮಕ್ಕಳು ಬಿಡಲಿಲ್ಲವಾದ್ದರಿಂದ ಅವರೂ ಹೊರಟರು. ಮುಂಜಾನೆ ಎದ್ದು ರೊಟ್ಟಿಯನ್ನೂ ಹುಚ್ಚೆಳ್ಳಿನ ಚಟ್ನಿಯನ್ನೂ ಬುತ್ತಿಕಟ್ಟಿ ಆ ಚೀಲವನ್ನು ತಾವೇ ಹೊತ್ತುಕೊಂಡರು. ರೈಲುಗಾಡಿಯಲ್ಲಿ ಮಕ್ಕಳು ಕಿಟಕಿಯ ಬಳಿಯಲ್ಲಿ ಕೂತು ಭಾನುವಾರ ಶಾಲೆಯ ಹಾಡುಗಳನ್ನು ಹಾಡಿದರು. ದೂರದಲ್ಲಿ ಚಾಮುಂಡಿ ಬೆಟ್ಟವು ಕಾಣಿಸಿದಾಗ ಕಿರಿಯವನು ಕೈತಟ್ಟಿ ಕುಣಿದನು. ನಮ್ಮ ಹೃದಯಗಳೂ ಹಗುರವಾಗಿದ್ದವು. ಆ ಬೆಳಗ್ಗೆ ನಮಗೆ ದೇವರನ್ನು ಸ್ತೋತ್ರಮಾಡುವದು ಎಷ್ಟು ಸುಲಭವಾಗಿತ್ತು!

ಒಳಗೆ ಹೋದ ಮೇಲೆ ಮೊದಲನೆಯ ತಾಸುಗಳೆಲ್ಲಾ ಸಂತೋಷವೇ. ಸರಕಾರದ ಒಂದೊಂದು ಇಲಾಖೆಯವರೂ ತಮ್ಮ ತಮ್ಮ ಮಳಿಗೆಯನ್ನು ಅಲಂಕರಿಸಿದ್ದರು. ವ್ಯವಸಾಯದ ಮಳಿಗೆಯಲ್ಲಿ ರಾಗಿಯ ಬಗೆಬಗೆಯ ತೆನೆಗಳನ್ನು ಕಟ್ಟಿ ತೂಗಹಾಕಿದ್ದರು. ತಾಯಿಯವರು ಅಲ್ಲಿ ನಿಂತವರು ಕದಲಲೇ ಇಲ್ಲ. ಮಂಡ್ಯದ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕೂಡಿಸಿ ಹುಟ್ಟಿಸಿದ ಇಂಡಾಫ್ ತಳಿಯನ್ನು ಮೊದಲು ಬಿತ್ತಿದ ವರುಷ, ಕಣವು ಸಾಲದೆ ಅಂಗಳದಲ್ಲಿಯೂ ರಾಗಿಯನ್ನು ರಾಶಿಹಾಕಿದ್ದನ್ನು ಅವರು ಮೊಮ್ಮಕ್ಕಳಿಗೆ ಹೇಳಿದರು. ಆ ವರುಷದ ಸುಗ್ಗಿಯ ಕಾಣಿಕೆಗೆ ನಮ್ಮ ತಂದೆಯವರು ಒಂದು ಚೀಲ ರಾಗಿಯನ್ನು ಹೆಗಲಿನ ಮೇಲೆ ಹೊತ್ತುಕೊಂಡು ಗುಡಿಗೆ ಹೋದದ್ದನ್ನು ಹೇಳುವಾಗ ಅವರ ಕಣ್ಣುಗಳು ತುಂಬಿದವು.

ಆದರೆ ಮಕ್ಕಳ ಮನಸ್ಸು ಆಟದ ಕಡೆಗೆ ಎಳೆಯುತ್ತಿತ್ತು. ತಿರುಗುವ ದೊಡ್ಡ ತೊಟ್ಟಿಲು ಅಲ್ಲಿಂದಲೇ ಕಾಣುತ್ತಿತ್ತು. ತಾಯಿಯವರ ಕಾಲು ಸೋತದ್ದರಿಂದ ಆ ಮಳಿಗೆಯ ಪಕ್ಕದಲ್ಲಿದ್ದ ಕಲ್ಲುಕಟ್ಟೆಯ ಮೇಲೆ ಅವರನ್ನು ಕೂಡ್ರಿಸಿ, "ಅವ್ವಾ, ನೀನು ಇಲ್ಲೇ ಕೂತಿರು, ನಾವು ಬಂದು ಕರೆದುಕೊಂಡು ಹೋಗುತ್ತೇವೆ" ಎಂದು ಅವರ ಕಿವಿಯ ಬಳಿಯಲ್ಲಿ ಗಟ್ಟಿಯಾಗಿ ಹೇಳಿ ಹೋದೆವು.

ಅಲ್ಲಿಂದ ಮುಂದೆ ದಿವಸವು ಇಳಿಮುಖವಾಯಿತು. ತೊಟ್ಟಿಲಿನ ಮುಂದೆ ಬಹು ಹೊತ್ತು ಸಾಲಿನಲ್ಲಿ ನಿಲ್ಲಬೇಕಾಯಿತು. ಇಳಿದ ಮೇಲೆ ದೊಡ್ಡ ಹಪ್ಪಳ ಬೇಕೆಂದು ಒಬ್ಬನು, ಮೆಣಸಿನಕಾಯಿ ಬಜ್ಜಿ ಬೇಕೆಂದು ಇನ್ನೊಬ್ಬಳು, ಕೀಲಿಕೊಟ್ಟರೆ ಓಡುವ ಗಾಡಿಯೇ ಬೇಕೆಂದು ಕಿರಿಯವನು. ನಾವು ಕೊಂಡೊಯ್ದಿದ್ದ ಹಣವು ಮಧ್ಯಾಹ್ನದೊಳಗೆ ಅರ್ಧವಾಗಿತ್ತು, ಸಂಜೆಯೊಳಗೆ ಮುಗಿಯಿತು. ಕಿರಿಯವನು ನೆಲದ ಮೇಲೆ ಬಿದ್ದು ಅತ್ತನು. ಅವನಿಗೆ ಒಂದು ಏಟು ಬಿತ್ತು. ಖರ್ಚಿನ ವಿಷಯವಾಗಿ ಗಂಡಹೆಂಡರೊಳಗೆ ಹತ್ತು ಜನರು ಕೇಳುವಂತೆ ಮಾತು ಬೆಳೆಯಿತು. ಬೆಳಗ್ಗೆ ಸ್ತೋತ್ರಮಾಡಿದ ಅದೇ ನಾಲಿಗೆಯಿಂದ ಸಂಜೆಗೆ ಎಂಥ ಮಾತುಗಳು ಬಂದವೆಂಬದನ್ನು ನೆನಸಿದರೆ, ಒಂದೇ ಬಾಯಿಂದ ಸ್ತುತಿಯೂ ಶಾಪವೂ ಹೊರಡುವದರ ವಿಷಯವಾಗಿ ಅಪೋಸ್ತಲನಾದ ಯಾಕೋಬನು ಬರೆದದ್ದು ನಮಗೋಸ್ಕರವೇ ಎಂದು ಕಾಣುತ್ತದೆ.

ರೈಲುಗಾಡಿಗೆ ಹೊತ್ತಾಯಿತೆಂದು ಆತುರದಿಂದ ಬಾಗಿಲಿನ ಹೊರಗೆ ಬಂದು ಎರಡು ಆಟೋರಿಕ್ಷಾಗಳನ್ನು ಹಿಡಿದೆವು. ಗಂಡುಮಕ್ಕಳನ್ನು ಕರೆದುಕೊಂಡು ನಾವು ಮುಂದೆ ಹೋದೆವು; ಮಗಳನ್ನು ಕರೆದುಕೊಂಡು ನಮ್ಮ ಪತ್ನಿ ಹಿಂದಿನಿಂದ ಬಂದರು. ದೀಪಗಳಿಂದ ಬೆಳಗುತ್ತಿದ್ದ ಅರಮನೆಯನ್ನು ಮಕ್ಕಳಿಗೆ ತೋರಿಸುತ್ತಾ ಹೋದೆವು. 1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದದ್ದನ್ನೂ, 1912ರಲ್ಲಿ ಈ ಹೊಸ ಅರಮನೆಯು ಪೂರ್ತಿಯಾದದ್ದನ್ನೂ, ಸುಮಾರು ಒಂದು ಲಕ್ಷ ದೀಪಗಳು ಅದರ ಮೇಲೆ ಉರಿಯುವದನ್ನೂ ವಿವರಿಸಿ ಹೇಳಿದೆವು. ಲಕ್ಷ ದೀಪಗಳ ಲೆಕ್ಕವು ನಮಗೆ ಗೊತ್ತಿತ್ತು. ನಮ್ಮ ಜೊತೆಯಲ್ಲಿ ಬಂದ ಆರು ಮಂದಿಯ ಲೆಕ್ಕವನ್ನು ಮಾಡಲಿಲ್ಲ.

ರೈಲು ನಿಲ್ದಾಣದಲ್ಲಿ ಎಲ್ಲರೂ ಕೂಡಿದ ಮೇಲೆ ಕಿರಿಯವನು ಹಸಿವೆಂದು ಅತ್ತನು. "ಬುತ್ತಿಯ ಚೀಲ ಎಲ್ಲಿ?" ಎಂದು ಕೇಳಿದೆವು. "ಅತ್ತೆಯ ಕೈಯಲ್ಲಿ ಇದೆ" ಎಂದರು ನಮ್ಮ ಪತ್ನಿ. "ಅವ್ವ ಎಲ್ಲಿ?" "ನಿಮ್ಮ ಜೊತೆಯಲ್ಲಿ ಬರಲಿಲ್ಲವೇ?" "ನಿಮ್ಮ ಜೊತೆಯಲ್ಲಿ ಇದ್ದಾರೆಂದಲ್ಲವೇ ನಾವು ನೆನಸಿದ್ದು!" ಒಂದು ಕ್ಷಣ ಯಾರಿಗೂ ಬಾಯಿ ಬರಲಿಲ್ಲ. ಓದುಗರೇ, ಗಮನಿಸಿರಿ: ತಾಯಿಯ ನೆನಪು ನಮಗೆ ತಾಯಿಗೋಸ್ಕರ ಬರಲಿಲ್ಲ, ಆಕೆಯ ಕೈಯಲ್ಲಿದ್ದ ರೊಟ್ಟಿಗೋಸ್ಕರ ಬಂತು.

ನಾವು ತಿರಿಗಿ ಓಡಿದೆವು. ಬಾಗಿಲಿನಲ್ಲಿ ಹುಡುಕಿದೆವು, ತೊಟ್ಟಿಲಿನ ಬಳಿಯಲ್ಲಿ ಹುಡುಕಿದೆವು, ಆಟದ ಸಾಮಾನಿನ ಅಂಗಡಿಗಳಲ್ಲಿ ಕೇಳಿದೆವು. ಧ್ವನಿವರ್ಧಕದಲ್ಲಿ ಅವರ ಹೆಸರನ್ನು ಕೂಗಿಸಿದೆವು. ಕಿವಿ ಮಂದವಾದವರಿಗೆ ಆ ಗದ್ದಲದಲ್ಲಿ ಅದು ಕೇಳಿಸುವದು ಹೇಗೆ? ಯಾವ ಅಂಗಡಿಯಲ್ಲಿ ಯಾವ ಆಟದ ಸಾಮಾನಿಗೆ ಎಷ್ಟು ಬೆಲೆ ಹೇಳಿದರೆಂಬದು ನಮಗೆ ನೆನಪಿತ್ತು. ಹೆತ್ತ ತಾಯಿಯನ್ನು ಎಲ್ಲಿ ಕೂಡ್ರಿಸಿದೆವೆಂಬದು ಆ ಗಾಬರಿಯಲ್ಲಿ ನೆನಪಿಗೆ ಬರಲಿಲ್ಲ. ಕಡೆಗೆ ಮಗಳೇ, "ಅಜ್ಜಿ ರಾಗಿಯ ತೆನೆಗಳ ಹತ್ತಿರ ಇದ್ದರು" ಎಂದಳು.

ಅವರು ಅಲ್ಲಿಯೇ ಇದ್ದರು. ಅದೇ ಕಲ್ಲುಕಟ್ಟೆಯ ಮೇಲೆ, ಸೆರಗನ್ನು ಹೊದ್ದುಕೊಂಡು, ಬುತ್ತಿಯ ಚೀಲವನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತಿದ್ದರು. ನಮಗೆ ಸಂತೋಷಕ್ಕಿಂತ ಮೊದಲು ಕೋಪ ಬಂತು. "ಎಲ್ಲಿ ಹೋಗಿದ್ದೆ ಅವ್ವಾ? ನಮಗೆ ಎಷ್ಟು ಗಾಬರಿ ಮಾಡಿದೆ!" ಎಂದು ಗದರಿಸಿದೆವು. ಅವರು ಆಶ್ಚರ್ಯದಿಂದ ನಮ್ಮ ಮುಖವನ್ನು ನೋಡಿ, "ನಾನೆಲ್ಲಿ ಹೋದೆ ಮಗಾ? ನೀನು ಕೂತಿರು ಅಂದ ಕಡೆಯೇ ಕೂತಿದ್ದೀನಲ್ಲಪ್ಪಾ" ಎಂದರು. ಆ ಮೇಲೆ ಚೀಲವನ್ನು ಬಿಚ್ಚಿ ಕಿರಿಯವನ ಕೈಗೆ ರೊಟ್ಟಿಯನ್ನು ಕೊಟ್ಟು, "ತೊಟ್ಟಿಲು ಚೆನ್ನಾಗಿತ್ತೇನೋ ಕೂಸೇ?" ಎಂದು ಕೇಳಿದರು. ಅವರು ತಾವು ಮಧ್ಯಾಹ್ನದಿಂದ ಆ ಚೀಲವನ್ನು ಬಿಚ್ಚಿಯೇ ಇರಲಿಲ್ಲ. ಎಲ್ಲರೂ ಬಂದ ಮೇಲೆ ಉಣ್ಣೋಣವೆಂದು ಇದ್ದರು.

ನಾವು ನಿಲ್ದಾಣಕ್ಕೆ ಬರುವಷ್ಟರಲ್ಲಿ ನಮ್ಮ ರೈಲುಗಾಡಿಯು ಹೊರಟುಹೋಗಿತ್ತು. ಮುಂದಿನದಕ್ಕೆ ಕಾಯುತ್ತಾ ಒಂದು ಬೆಂಚಿನ ಮೇಲೆ ಎಲ್ಲರೂ ಒತ್ತಾಗಿ ಕೂತೆವು. ಸಂಜೆಯ ಪ್ರಾರ್ಥನೆಯ ಹೊತ್ತಾಗಿತ್ತಾದ್ದರಿಂದ 121ನೆಯ ಕೀರ್ತನೆಯನ್ನು ಓದೋಣವೆಂದು ಹೇಳಿ, ಚೀಲದಲ್ಲಿದ್ದ ಸತ್ಯವೇದವನ್ನು ತಾಯಿಯವರ ಕೈಗೆ ಕೊಟ್ಟೆವು. ಯಾಕಂದರೆ ನಾವು ಚಿಕ್ಕವರಾಗಿದ್ದಾಗ ಪ್ರತಿದಿನವೂ ನಮಗೆ ಓದಿ ಕೇಳಿಸಿದವರು ಅವರೇ. ಅವರು ಪುಸ್ತಕವನ್ನು ತೆರೆಯದೆ ಮೊಮ್ಮಗಳಿಗೆ ಕೊಟ್ಟು, "ನೀನು ಓದು ಮಗಳೇ. ನನಗೆ ಅಕ್ಷರ ಕಾಣದೆ ಒಂದು ವರುಷವಾಯಿತು" ಎಂದರು.

ಒಂದು ವರುಷ! ಒಂದೇ ಮನೆಯಲ್ಲಿದ್ದ ನಮಗೆ ಇದು ಗೊತ್ತಿರಲಿಲ್ಲ. ಮೊಮ್ಮಗಳು ಅಜ್ಜಿಗೆ ಓದಿ ಹೇಳುತ್ತಾಳೆಂದು ನಮ್ಮ ಪತ್ನಿ ನೆನಸಿದ್ದರು. ಅತ್ತೆಯ ಆರೈಕೆಯನ್ನೆಲ್ಲಾ ಸೊಸೆಯು ನೋಡಿಕೊಳ್ಳುತ್ತಾಳೆಂದು ನಾವು ನೆನಸಿದ್ದೆವು. ಅಜ್ಜಿಯು ತಾನೇ ಓದಿಕೊಳ್ಳುತ್ತಾಳೆಂದು ಮಗಳು ನೆನಸಿದ್ದಳು. ಪ್ರತಿ ಭಾನುವಾರ ಪೀಠದ ಮೇಲೆ ನಿಂತು ವಾಕ್ಯವನ್ನು ಸಾರುವ ನಮ್ಮ ಮನೆಯಲ್ಲಿ, ನಮಗೆ ಅದನ್ನು ಮೊದಲು ಕಲಿಸಿಕೊಟ್ಟಾಕೆಯು ಒಂದು ವರುಷ ವಾಕ್ಯವಿಲ್ಲದೆ ಕೂತಿದ್ದಳು. ಆಗ ನಮಗೆ ತಿಳಿದು ಬಂತು: ತಾಯಿಯವರನ್ನು ನಾವು ಬಿಟ್ಟುಬಂದದ್ದು ಆ ಸಂಜೆ ಪ್ರದರ್ಶನದಲ್ಲಿ ಅಲ್ಲ, ಬಹು ದಿವಸಗಳ ಹಿಂದೆಯೇ, ನಮ್ಮ ಮನೆಯ ನಡುವಿನಲ್ಲಿಯೇ ಬಿಟ್ಟಿದ್ದೆವು.

ಪ್ರಿಯರೇ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ನಮ್ಮ ಧ್ಯಾನದ ಭಾಗಕ್ಕೆ ಬರೋಣ. ಹೋಲಿಕೆಯಲ್ಲಿ ಎಲ್ಲವೂ ಸರಿಹೊಂದುವದಿಲ್ಲ. ನಮ್ಮ ತಾಯಿಯವರು ನಮ್ಮ ಹಾಗೆಯೇ ಕೃಪೆಯಿಂದ ರಕ್ಷಣೆ ಹೊಂದಬೇಕಾದ ಪಾಪಿಗಳು, ಕರ್ತನಾದರೋ ಪಾಪರಹಿತನು. ಆದರೂ ಮೂರು ವಿಷಯಗಳನ್ನು ನಾವು ಇಲ್ಲಿ ಕಲಿಯಬಹುದು.

ಮೊದಲನೆಯದು: ಯೋಸೇಫನೂ ಮರಿಯಳೂ ಆತನನ್ನು ಕಾಣದೆ ಹೋದದ್ದು ಕೆಟ್ಟ ಕೆಲಸಕ್ಕೆ ಹೋಗಿದ್ದಾಗ ಅಲ್ಲ. ಅವರು ಹೋದದ್ದು ದೇವರು ನೇಮಿಸಿದ ಪಸ್ಕಹಬ್ಬಕ್ಕೆ. ನಜರೇತಿನಿಂದ ಯೆರೂಸಲೇಮಿಗೆ ಕೆಲವು ದಿವಸಗಳ ಕಾಲ್ನಡಿಗೆಯ ಪ್ರಯಾಣ. ಆ ದಾರಿಯನ್ನು ಅವರು ಪ್ರತಿ ವರುಷವೂ ನಡೆದರು. ದಾವೀದನ ಪುಸ್ತಕದಲ್ಲಿ 120ರಿಂದ 134ರ ವರೆಗೆ ಇರುವ 15 ಕೀರ್ತನೆಗಳು ಇಂಥ ಯಾತ್ರೆಯ ಹಾಡುಗಳೆಂದು ಹೆಸರುಗೊಂಡಿವೆ. ಹೀಗೆ ಒಳ್ಳೆಯ ಕಾರ್ಯಕ್ಕಾಗಿ, ಒಳ್ಳೆಯ ಜನರ ಗುಂಪಿನಲ್ಲಿ, ಸಂತೋಷದಿಂದ ತಿರಿಗಿ ಬರುವಾಗಲೇ ಅವರು ತಮ್ಮ ಪಾಲಿಗೆ ಬಂದ ಅತ್ಯಮೂಲ್ಯವಾದದ್ದನ್ನು ಹಿಂದೆ ಬಿಟ್ಟರು. ನಮ್ಮ ಸಭೆಗಳಲ್ಲಿಯೂ ಹಾಗೆಯೇ. ಕ್ರಿಸ್ಮಸ್ಸಿನ ಅಲಂಕಾರದಲ್ಲಿ, ಸುಗ್ಗಿಯ ಹಬ್ಬದ ಹರಾಜಿನಲ್ಲಿ, ಮದುವೆಯ ಊಟದ ಗದ್ದಲದಲ್ಲಿ ನಾವು ಕರ್ತನನ್ನು ಬಿಟ್ಟು ಮುಂದೆ ಹೋಗುವದುಂಟು. ಕಷ್ಟದ ದಿವಸದಲ್ಲಿ ಆತನ ಅಂಗಿಯ ಸೆರಗನ್ನು ಬಿಗಿಯಾಗಿ ಹಿಡಿಯುತ್ತೇವೆ. ಸಂತೋಷದ ದಿವಸದಲ್ಲಿ ಕೈ ಸಡಿಲಾಗುತ್ತದೆ.

ಎರಡನೆಯದು: ಅವರು ಆತನನ್ನು ತಳ್ಳಿಬಿಡಲಿಲ್ಲ, ಅಲಕ್ಷ್ಯ ಮಾಡಬೇಕೆಂದೂ ಇರಲಿಲ್ಲ, ಗುಂಪಿನಲ್ಲಿ ಎಲ್ಲಿಯೋ ಇದ್ದಾನೆಂದು ನೆನಸಿಕೊಂಡು ಒಂದು ದಿವಸದ ದಾರಿಯನ್ನು ನಡೆದರು. ದ್ವೇಷವು ಮಾಡದ ನಷ್ಟವನ್ನು ಈ ನೆನಸಿಕೆಯು ಮಾಡುತ್ತದೆ. ತಂದೆಯು ಮನೆಯಲ್ಲಿ ಪ್ರಾರ್ಥನೆ ಮಾಡಿಸುವದಿಲ್ಲ, ತಾಯಿಯು ಮಕ್ಕಳಿಗೆ ಕಲಿಸುತ್ತಾಳೆಂದು ನೆನಸುತ್ತಾನೆ. ತಾಯಿಯು ಕಲಿಸುವದಿಲ್ಲ, ಭಾನುವಾರ ಶಾಲೆಯಲ್ಲಿ ಕಲಿಸುತ್ತಾರೆಂದು ನೆನಸುತ್ತಾಳೆ. ಭಾನುವಾರ ಶಾಲೆಯ ಉಪಾಧ್ಯಾಯರು, ಮನೆಯಲ್ಲಿ ಕಲಿತಿರುತ್ತಾರೆಂದು ನೆನಸುತ್ತಾರೆ. ಹೀಗೆ ಎಲ್ಲರ ನೆನಸಿಕೆಯ ನಡುವೆ ಮಗುವು ರಕ್ಷಕನನ್ನು ಅರಿಯದೆ ಬೆಳೆಯುತ್ತದೆ. ಸಭೆಯ ವಿಧವೆಯನ್ನು ಹಿರಿಯರು ಹೋಗಿ ನೋಡಿರುತ್ತಾರೆಂದು ಪಾದ್ರಿಯವರೂ, ಪಾದ್ರಿಯವರು ನೋಡಿರುತ್ತಾರೆಂದು ಹಿರಿಯರೂ ನೆನಸುತ್ತಾರೆ. ಆಕೆಯ ಬಾಗಿಲಿನ ಮುಂದೆ ಯಾರ ಕಾಲಿನ ಸಪ್ಪಳವೂ ಕೇಳಿಸುವದಿಲ್ಲ. ಸಂಸೋನನು ನಿದ್ರೆಯಿಂದ ಎದ್ದು ಮುಂಚಿನಂತೆಯೇ ಬಲವುಂಟೆಂದು ನೆನಸಿದನು; ಕರ್ತನು ತನ್ನನ್ನು ಬಿಟ್ಟುಹೋದದ್ದು ಅವನಿಗೆ ತಿಳಿದಿರಲಿಲ್ಲ. ನಷ್ಟಕ್ಕಿಂತಲೂ, ನಷ್ಟವಾದದ್ದು ತಿಳಿಯದೆ ಇರುವದು ಭಯಂಕರವಾದದ್ದು.

ಮೂರನೆಯದು: ತಮ್ಮ ಜೊತೆಯಲ್ಲಿ ಇಲ್ಲವೆಂದು ತಿಳಿದ ಕೂಡಲೇ ಅವರು ತಿರಿಗಿಕೊಂಡರು. ಮೊದಲು ಬಂಧುಗಳಲ್ಲಿಯೂ ಪರಿಚಿತರಲ್ಲಿಯೂ ಹುಡುಕಿದರು, ಸಿಕ್ಕಲಿಲ್ಲ. ನೆಂಟರ ಭಕ್ತಿಯಲ್ಲಿ ನಮ್ಮ ಕರ್ತನು ನಮಗೆ ಸಿಕ್ಕುವದಿಲ್ಲ. ನಮ್ಮ ತಾತನು ದೊಡ್ಡ ವಿಶ್ವಾಸಿ, ನಮ್ಮ ಚಿಕ್ಕಪ್ಪನು ಉಪದೇಶಿ ಎಂದರೆ ಸಾಲದು. ಬಿಟ್ಟ ಸ್ಥಳಕ್ಕೇ ಹೋಗಬೇಕು. ಎಫೆಸದ ಸಭೆಗೂ ಕರ್ತನು ಇದೇ ಬುದ್ಧಿಯನ್ನು ಹೇಳಿ ಕಳುಹಿಸಿದನು: ಎಲ್ಲಿಂದ ಬಿದ್ದರೋ ಅದನ್ನು ನೆನಪಿಗೆ ತಂದುಕೊಂಡು, ಮಾನಸಾಂತರಪಟ್ಟು, ಮೊದಲಿನ ಕೃತ್ಯಗಳನ್ನು ಮಾಡಬೇಕು. ಒಂದು ದಿವಸದ ಅಜಾಗ್ರತೆಗೆ ಮೂರು ದಿವಸದ ದುಃಖವಾಯಿತು. ಆದರೂ ಆ ದುಃಖದ ಕೊನೆಯಲ್ಲಿ ಅವರು ಆತನನ್ನು ತಂದೆಯ ಆಲಯದಲ್ಲಿ ಕಂಡರು. ಮರಿಯಳು ನಮ್ಮ ಹಾಗೆಯೇ ಮೊದಲು ಗದರಿಸಿದಳು. ಆತನ ಉತ್ತರವಾದರೋ, ತಾನು ಎಲ್ಲಿ ಇರಬೇಕೋ ಅಲ್ಲಿಯೇ ಇದ್ದೇನೆಂಬ ಅರ್ಥವುಳ್ಳದ್ದು. ಕಳೆದುಹೋದವನು ಆತನಲ್ಲ, ದಾರಿತಪ್ಪಿದವರು ಅವರೇ. ಪ್ರಿಯ ಓದುಗನೇ, ದೇವರು ನನಗೆ ದೂರವಾದನೆಂದು ನೀನು ಗುಣುಗುಟ್ಟುತ್ತಿದ್ದೀಯೋ? ನೀನು ಕಡೆಯ ಸಾರಿ ಆತನೊಂದಿಗೆ ಮಾತಾಡಿದ ಸ್ಥಳಕ್ಕೆ ತಿರಿಗಿ ಹೋಗು. ಮುಚ್ಚಿಟ್ಟ ಸತ್ಯವೇದದ ಬಳಿಗೆ, ಮೊಣಕಾಲೂರದೆ ಬಿಟ್ಟ ಮೂಲೆಗೆ, ಜಗಳವಾಡಿ ಬಿಟ್ಟ ಸಹೋದರನ ಬಾಗಿಲಿಗೆ ಹೋಗು. ಆತನು ಅಲ್ಲಿಯೇ ಇದ್ದಾನೆ.

ಇನ್ನೊಂದು ಮಾತನ್ನು ಮರೆಯಬಾರದು. ಆತನು ಅವರನ್ನು ದೂರಿ ಹಿಂದೆ ನಿಲ್ಲಲಿಲ್ಲ. ಅವರ ಸಂಗಡ ಇಳಿದು ನಜರೇತಿಗೆ ಬಂದು ಅವರಿಗೆ ಅಧೀನನಾಗಿದ್ದನು. ತನ್ನನ್ನು ಬಿಟ್ಟು ಹೋದವರ ಮನೆಗೆ ಆತನು ತಿರಿಗಿ ಬಂದನು. ಇದಕ್ಕಿಂತ ದೊಡ್ಡ ಸಮಾಧಾನವು ನಮಗೆ ಬೇರೆ ಯಾವದು?

ಆ ರಾತ್ರಿ ನಮ್ಮ ಮಗಳು ನಿಲ್ದಾಣದ ದೀಪದ ಕೆಳಗೆ ಅಜ್ಜಿಯ ಕಿವಿಯ ಬಳಿಯಲ್ಲಿ ಬಾಯಿಟ್ಟು ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿದಳು. ಪಕ್ಕದಲ್ಲಿದ್ದ ಪ್ರಯಾಣಿಕರು ಸಹ ಮಾತನ್ನು ನಿಲ್ಲಿಸಿ ಕೇಳಿದರು. ಇಡೀ ದಿವಸದಲ್ಲಿ ನಮಗೆ ದೊರೆತ ಅತಿ ಉನ್ನತವಾದ ಸಂತೋಷವು ತೊಟ್ಟಿಲಿನ ಮೇಲೆ ಅಲ್ಲ, ಆ ಬೆಂಚಿನ ಮೇಲೆಯೇ ದೊರಕಿತು. ಮುಂದಿನ ವಾರದಲ್ಲಿ ತಾಯಿಯವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ತೆಗೆಸಿದ ಮೇಲೆ, ದೇವರ ಕೃಪೆಯಿಂದ, ಅವರು ಈಗ ತಾವೇ ಓದುತ್ತಾರೆ. ಆದರೂ ಮಗಳು ಸಂಜೆಯ ಓದನ್ನು ಬಿಟ್ಟಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯುಂಟು. ಸಂಜೆಯ ಪ್ರಾರ್ಥನೆಗೆ ಮೊದಲು ಮನೆಯವರೆಲ್ಲರ ಹೆಸರುಗಳನ್ನು ಒಂದೊಂದಾಗಿ ಕರೆದು, ಈ ದಿವಸ ನಿನಗೆ ಹೇಗಾಯಿತು ಎಂದು ಕೇಳುತ್ತೇವೆ. ಓದುಗರೇ, ಈ ರಾತ್ರಿ ನಿಮ್ಮ ಮನೆಯಲ್ಲಿಯೂ ಹಾಗೆ ಮಾಡಿರಿ. ಮೂಲೆಯಲ್ಲಿ ಸುಮ್ಮನೆ ಕೂತಿರುವವರ ಬಳಿಗೆ ಹೋಗಿ ಅವರ ಕಣ್ಣು ಕಾಣುತ್ತದೋ, ಕಿವಿ ಕೇಳುತ್ತದೋ, ಮನಸ್ಸು ಕುಗ್ಗಿದೆಯೋ ವಿಚಾರಿಸಿರಿ. ಭಾನುವಾರ ಗುಡಿಯಲ್ಲಿ ಯಾರ ಸ್ಥಳವು ಬರಿದಾಗಿದೆಯೆಂದು ತಿರಿಗಿ ನೋಡಿರಿ. ಎಲ್ಲಕ್ಕಿಂತ ಮೊದಲು, ಕರ್ತನು ನಿಮ್ಮ ಜೊತೆಯಲ್ಲಿ ಇದ್ದಾನೆಂದು ನೆನಸಿಕೊಂಡು ಮಾತ್ರ ನಡೆಯದೆ, ಆತನ ಹೆಸರನ್ನು ಹಿಡಿದು ಕರೆದು, ಆತನ ಉತ್ತರವನ್ನು ಕೇಳಿ, ಆ ಮೇಲೆ ಹೊರಡಿರಿ. ಒಂದು ದಿವಸದ ದಾರಿ ನಡೆದಾಗಿದ್ದರೂ ತಿರಿಗಿ ಹೋಗಲು ಇನ್ನೂ ಹೊತ್ತಿದೆ.

ಕಳೆದುಹೋದವರನ್ನು ಹುಡುಕಿ ರಕ್ಷಿಸುವದಕ್ಕೆ ಬಂದ ನಮ್ಮ ಕರ್ತನ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿ ನೆಲೆಯಾಗಿರಲಿ. ಆಮೆನ್.